ಗಡಿ ದಾಟುವ ಕೊಳವೆ

(ಶಾಲಾ ಶತಮಾನೋತ್ಸವದ ಉಪನ್ಯಾಸ ಮಾಲಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಮಾಲಿಕೆಯಲ್ಲಿ ನನಗಿಂತ ಮೊದಲು ಮಾತನಾಡಿದ ಹಿರಿಯರು ಗಡಿನಾಡಿನ ಕನ್ನಡ, ಯಕ್ಷಗಾನ, ಶಾಲೆಯ ಸ್ಥಾಪಕರ ತ್ಯಾಗ ಮುಂತಾದ ವಿಷಯಗಳನ್ನು ಎತ್ತಿಕೊಂಡಿದ್ದರು. ನಾನು ಎಣ್ಣೆ ಮತ್ತು ಅನಿಲದ ಕೊಳವೆಗಳ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಮಿತಿಯ ಕೆಲವರು ಮುಗುಳ್ನಕ್ಕರು. ಶತಮಾನೋತ್ಸವಕ್ಕೂ ಡೀಸೆಲಿಗೂ ಏನು ಸಂಬಂಧ ಎಂದು ಅವರಿಗೆ ಅನಿಸಿದ್ದರೆ ಅದು ಸಹಜವೇ. ಆದರೆ ಗಡಿಯನ್ನು ದಾಟಿ ಬರಬೇಕಾದ ವಸ್ತುವಿನ ಮೇಲೆ ಯಾರ ಕೈ ಇರುತ್ತದೆ, ಅದು ಬರದೆ ಹೋದಾಗ ಯಾರನ್ನು ಕೇಳಬೇಕು ಎಂಬುದು 1956ರಿಂದ ಈಚೆಗೆ ನಮ್ಮ ಕಾಸರಗೋಡಿನ ಮನೆಮನೆಯ ಪ್ರಶ್ನೆ. ಪಠ್ಯಪುಸ್ತಕ ತಡವಾದರೆ ಯಾರನ್ನು ಕೇಳಬೇಕು, ಕನ್ನಡ ಬಲ್ಲ ಅಧ್ಯಾಪಕರು ಬರದಿದ್ದರೆ ಯಾರ ಬಾಗಿಲು ತಟ್ಟಬೇಕು ಎಂದು ಮೂರು ತಲೆಮಾರುಗಳಿಂದ ವಿಚಾರಿಸುತ್ತ ಬಂದವರು ನಾವು. ಅದೇ ಪ್ರಶ್ನೆಯನ್ನು ಇಂದು ಒಂದು ಉಕ್ಕಿನ ಕೊಳವೆಯನ್ನು ಮುಂದಿಟ್ಟುಕೊಂಡು ಕೇಳಬೇಕೆಂದಿದ್ದೇನೆ.

ಅಂಥ ಕೊಳವೆಯೊಂದು ನಮ್ಮ ಜಿಲ್ಲೆಯ ನೆಲದಡಿಯಲ್ಲಿಯೇ ಇದೆ. ಕೇಂದ್ರ ಸರ್ಕಾರದ ಒಡೆತನದ ಗೇಲ್ ಸಂಸ್ಥೆ ಹಾಕಿದ ಕೊಚ್ಚಿ–ಮಂಗಳೂರು ಅನಿಲ ಮಾರ್ಗ ಸುಮಾರು 450 ಕಿಲೋಮೀಟರು ಉದ್ದದ್ದು. 2021ರ ಜನವರಿ 5ರಂದು ಅದು ರಾಷ್ಟ್ರಕ್ಕೆ ಸಮರ್ಪಣೆಗೊಂಡಿತು. ಚಂದ್ರಗಿರಿ ಹೊಳೆಯ ಅಡಿಯಲ್ಲಿ ಸುಮಾರು ಒಂದೂವರೆ ಕಿಲೋಮೀಟರು ಕೊರೆದು ಕೊಳವೆಯನ್ನು ಎಳೆದ ಭಾಗವೇ ಎಲ್ಲಕ್ಕಿಂತ ಕೊನೆಗೆ ಮುಗಿದದ್ದು. ಆ ಕೊಳವೆಗಾಗಿ ಕೇರಳದಲ್ಲಿ ಪ್ರತಿಭಟನೆಗಳಾದವು, ಪರಿಹಾರದ ಮೊತ್ತದ ಬಗ್ಗೆ ದೀರ್ಘ ಚರ್ಚೆ ನಡೆಯಿತು. 1962ರ ಕೇಂದ್ರ ಕಾಯಿದೆಯ ಪ್ರಕಾರ ಇಂಥ ಕಡೆ ಭೂಮಿ ಒಡೆಯನದಾಗಿಯೇ ಉಳಿಯುತ್ತದೆ, ಕಂಪೆನಿಗೆ ಸಿಗುವುದು ಬಳಕೆಯ ಹಕ್ಕು ಮಾತ್ರ. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಐದೋ ಹತ್ತೋ ಸೆಂಟ್ಸ್ ಜಾಗವಿದ್ದವನಿಗೆ ಅದೇನು ಸಣ್ಣ ಸಂಗತಿಯಲ್ಲ. ಇಷ್ಟೆಲ್ಲ ಆದರೂ ತಲಪಾಡಿಯ ಗಡಿಯ ವಿಷಯದಲ್ಲಿ ಮಾತ್ರ ತಕರಾರು ಏಳಲಿಲ್ಲ. ಎರಡು ರಾಜ್ಯಗಳಿದ್ದರೂ ಕಾನೂನು ಒಂದು, ಒಡೆಯ ಒಬ್ಬ, ನ್ಯಾಯ ಕೇಳಲು ಮೇಲೆ ಒಂದೇ ಸರ್ವೋಚ್ಚ ನ್ಯಾಯಾಲಯ. ಗಡಿ ಎರಡು ದೇಶಗಳ ನಡುವಿನದಾದರೆ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಆಗ ಏನಾಗುತ್ತದೆ ಎಂಬುದೇ ನನ್ನ ವಿಷಯ.

ನಮ್ಮ ಹಿರಿಯರು ಗುಡ್ಡದ ಮುರಕಲ್ಲನ್ನು ಕೊರೆದು ಸುರಂಗ ತೋಡಿ, ಒಸರುವ ನೀರನ್ನು ಅಡಿಕೆ ಮರದ ದಂಬೆಯಲ್ಲಿ ತೋಟಕ್ಕೆ ಹಾಯಿಸುತ್ತಿದ್ದರು. ದಂಬೆಯ ನೀರಿಗೆ ಒಂದು ಗುಣವಿದೆ: ಮೇಲಿನ ತೋಟದವನು ತಿರುಗಿಸಿಕೊಂಡರೆ ಕೆಳಗಿನವನಿಗೆ ಇಲ್ಲ. ಆದರೆ ನೀರು ನಿಂತಾಗ ಕೆಳಗಿನವನು ದಂಬೆಯ ಜಾಡು ಹಿಡಿದು ಮೇಲಕ್ಕೆ ನಡೆದರೆ ಎಲ್ಲಿ ತಪ್ಪಿತು, ಯಾರು ತಿರುಗಿಸಿದರು ಎಂಬುದು ಕಣ್ಣಿಗೆ ಕಾಣುತ್ತದೆ. ನಡುವೆ ಮೂರನೆಯವನ ತೋಟವಿದ್ದರೆ ಮಾತು ಬೇರೆ. ನಾನು ಬಿಟ್ಟಿದ್ದೇನೆ ಎಂದು ಮೇಲಿನವನು, ನನ್ನ ತನಕ ಬರಲೇ ಇಲ್ಲ ಎಂದು ನಡುವಿನವನು ಹೇಳಿದರೆ, ಕೆಳಗಿನವನ ಅಡಿಕೆ ಒಣಗುವ ತನಕ ನ್ಯಾಯ ತೀರ್ಮಾನವಾಗುವುದಿಲ್ಲ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ದೇಶದಿಂದ ದೇಶಕ್ಕೆ ಹೋಗುವ ಕೊಳವೆಗಳಲ್ಲಿ ಬಹಳಷ್ಟನ್ನು ಹಾಕಿದವು ಸರ್ಕಾರಿ ಒಡೆತನದ ಕಂಪೆನಿಗಳು. ಖಾಸಗಿ ಕಂಪೆನಿಗಳು ಇಲ್ಲವೆಂದಲ್ಲ. ಬಾಕುವಿನಿಂದ ಜಾರ್ಜಿಯಾದ ಮೂಲಕ ತುರ್ಕಿಯ ಕಡಲತೀರಕ್ಕೆ ಹೋಗುವ ಎಣ್ಣೆಯ ಕೊಳವೆಯ ಮುಂದಾಳು ಬ್ರಿಟನ್ನಿನ ಬಿಪಿ. ಆದರೆ ಹಣವನ್ನೆಲ್ಲ ಮೊದಲೇ ನೆಲದಲ್ಲಿ ಹೂತು, ಅದು ಮರಳಿ ಬರಲು ಇಪ್ಪತ್ತು ಮೂವತ್ತು ವರ್ಷ ಕಾಯಬೇಕಾದ ವ್ಯವಹಾರಕ್ಕೆ ಲಾಭವೊಂದನ್ನೇ ನೋಡುವವರು ಸುಲಭವಾಗಿ ಕೈಹಾಕುವುದಿಲ್ಲ. ಎರಡೂ ಕಡೆ ಜಮೀನಿನ ಹಕ್ಕು ಬೇಕು, ತೆರಿಗೆಯ ವಿನಾಯಿತಿ ಬೇಕು, ಸಂಧಿಪತ್ರ ಬೇಕು. ಇದೆಲ್ಲ ಸರ್ಕಾರಗಳ ಕೆಲಸ. ಜೊತೆಗೆ ಸರ್ಕಾರಗಳಿಗೆ ಡೀಸೆಲಿನ ಬೆಲೆಯ ಹೊರಗಿನ ಲೆಕ್ಕವೂ ಒಂದು ಇರುತ್ತದೆ. ನೆರೆಯವನು ನಮ್ಮನ್ನು ನೆಚ್ಚಿಕೊಂಡಿರಬೇಕು, ಬೇರೆಯವರ ಕಡೆ ನೋಡಬಾರದು ಎಂಬ ಲೆಕ್ಕ ಅದು. ಈ ಮಾತನ್ನು ಯಾರೂ ಒಪ್ಪಂದದಲ್ಲಿ ಬರೆಯುವುದಿಲ್ಲ. ಸೋವಿಯತ್ ಒಕ್ಕೂಟ ಪೂರ್ವ ಯೂರೋಪಿಗೆ ಎಣ್ಣೆ ಕಳುಹಿಸಲು ಹಾಕಿಸಿ 1964ರಲ್ಲಿ ಪೂರ್ತಿಗೊಳಿಸಿದ ಕೊಳವೆಯ ಹೆಸರು ದ್ರುಜ್ಬಾ. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ಗೆಳೆತನ. ಭಾರತ ಬಾಂಗ್ಲಾದೇಶಕ್ಕೆ ಹಾಕಿಸಿದ ಕೊಳವೆಯ ಹೆಸರು ಮೈತ್ರಿ. ಗೆಳೆತನದ ಹೆಸರನ್ನು ಎಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದಾರೋ ಅಷ್ಟು ಎಚ್ಚರಿಕೆಯಿಂದ ಒಪ್ಪಂದವನ್ನು ಓದಬೇಕು ಎಂಬುದು ನನ್ನ ಅಭಿಪ್ರಾಯ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ನೇಪಾಳದಲ್ಲಿ. ನೇಪಾಳಕ್ಕೆ ಕಡಲಿಲ್ಲ, ಎಣ್ಣೆಯ ಬಾವಿಯಿಲ್ಲ, ಸಂಸ್ಕರಣಾಗಾರವೂ ಇಲ್ಲ. 1970ರಲ್ಲಿ ಸ್ಥಾಪನೆಯಾದ ಅಲ್ಲಿನ ಸರ್ಕಾರಿ ಸಂಸ್ಥೆ ನೇಪಾಳ ಆಯಿಲ್ ನಿಗಮ, 1974ರಿಂದ ನಮ್ಮ ಸರ್ಕಾರಿ ಸಂಸ್ಥೆಯಾದ ಇಂಡಿಯನ್ ಆಯಿಲಿನಿಂದ ಇಂಧನ ಕೊಳ್ಳುತ್ತ ಬಂದಿದೆ. ಬಿಹಾರದ ಬರೌನಿಯಲ್ಲಿ ಸೋವಿಯತ್ ನೆರವಿನಿಂದ ಕಟ್ಟಿದ ಸಂಸ್ಕರಣಾಗಾರವಿದೆ. ಅಲ್ಲಿಂದ ಗಡಿಯ ರಕ್ಸೌಲಿಗೆ ಬಂದ ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆಗಳನ್ನು ಟ್ಯಾಂಕರ್ ಲಾರಿಗಳು ತುಂಬಿಸಿಕೊಂಡು ಬೀರಗಂಜಿನ ಮೂಲಕ ಒಳಗೆ ಒಯ್ಯುತ್ತಿದ್ದವು. ರಕ್ಸೌಲ್ ಮತ್ತು ಬೀರಗಂಜಿನ ನಡುವೆ ಒಂದು ಸಣ್ಣ ಸೇತುವೆ ಇದೆ. ಅದರ ಹೆಸರು ಮಿತೇರಿ, ಎಂದರೆ ನೇಪಾಳಿಯಲ್ಲಿ ಮತ್ತೆ ಗೆಳೆತನವೇ. ಇಡೀ ದೇಶದ ಒಲೆ, ಬಸ್ಸು, ಆಸ್ಪತ್ರೆಯ ಜನರೇಟರು ಬಹುಮಟ್ಟಿಗೆ ಆ ಸೇತುವೆಯನ್ನೂ ಅಂಥ ಇನ್ನು ಕೆಲವು ಗಡಿ ದಾರಿಗಳನ್ನೂ ನಂಬಿಕೊಂಡಿದ್ದವು.

2015ನೆಯ ಇಸವಿ ಆ ದೇಶಕ್ಕೆ ಎಂಥ ವರ್ಷವಾಗಿತ್ತೆಂಬುದನ್ನು ನೆನಪಿಸಿಕೊಳ್ಳೋಣ. ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9 ಸಾವಿರ ಮಂದಿ ತೀರಿಕೊಂಡರು. ಆಗಸ್ಟ್ 24ರಂದು ಭಾರತದೊಡನೆ ಕೊಳವೆಯ ಒಪ್ಪಂದಕ್ಕೆ ಸಹಿಯಾಯಿತು; ಆ ಯೋಜನೆಯ ಪ್ರಸ್ತಾಪ ಮೊದಲು ಬಂದದ್ದು 1996ರಲ್ಲಿ. ಸೆಪ್ಟೆಂಬರ್ 20ರಂದು ಹೊಸ ಸಂವಿಧಾನ ಜಾರಿಗೆ ಬಂತು. ಅದರಲ್ಲಿ ತಮಗೆ ಅನ್ಯಾಯವಾಗಿದೆ ಎಂದು ತರಾಯಿಯ ಮಧೇಸಿ ಜನರು ಮಿತೇರಿ ಸೇತುವೆಯ ಮೇಲೆ ಧರಣಿ ಕೂತರು. ಗಡಿಯಲ್ಲಿ ಟ್ಯಾಂಕರುಗಳ ಸಾಲು ನಿಂತಿತು. 2016ರ ಫೆಬ್ರವರಿಯ ತನಕ, ಚಳಿಗಾಲದ ಆ ನಾಲ್ಕೂವರೆ ತಿಂಗಳು, ಬಹುಪಾಲು ಇಂಧನ ಒಳಗೆ ಹೋಗಲಿಲ್ಲ. ಅಡುಗೆ ಅನಿಲದ ಸಿಲಿಂಡರುಗಳನ್ನು ಅರ್ಧ ತುಂಬಿಸಿ ಕೊಟ್ಟರು. ಪಟ್ಟಣದ ಮನೆಗಳಲ್ಲಿ ಸೌದೆ ಒಲೆ ಹೊತ್ತಿತು. ಔಷಧಿ, ಇಂಧನ, ಆಹಾರಗಳ ಕೊರತೆಯಿಂದ ಐದು ವರ್ಷದೊಳಗಿನ 30 ಲಕ್ಷಕ್ಕೂ ಹೆಚ್ಚು ಮಕ್ಕಳು ಅಪಾಯದಲ್ಲಿದ್ದಾರೆಂದು ವಿಶ್ವಸಂಸ್ಥೆಯ ಮಕ್ಕಳ ನಿಧಿ ಎಚ್ಚರಿಸಿತು.

ಇದನ್ನು ಮಾಡಿದವರು ಯಾರು? ಭಾರತ ಅಘೋಷಿತ ದಿಗ್ಬಂಧನ ಹಾಕಿದೆ ಎಂದು ನೇಪಾಳ ಹೇಳಿತು. ನಾವು ಯಾವ ದಿಗ್ಬಂಧನವನ್ನೂ ಹಾಕಿಲ್ಲ, ಗಲಭೆಯಾಗುತ್ತಿರುವುದು ನೇಪಾಳದ ಕಡೆ, ಅಲ್ಲಿಗೆ ಹೋಗಲು ಲಾರಿಯವರು ಅಂಜುತ್ತಿದ್ದಾರೆ ಎಂದು ಭಾರತ ಹೇಳಿತು. ಧರಣಿ ಕೂತವರು ಸಂವಿಧಾನವನ್ನು ಬರೆದವರ ಕಡೆ ಬೆರಳು ತೋರಿಸಿದರು. ಹತ್ತು ವರ್ಷಗಳ ಬಳಿಕವೂ ಈ ವಾದ ಮುಗಿದಿಲ್ಲ. ಲಾರಿಗೆ ಚಾಲಕನಿದ್ದಾನೆ, ವಿಮೆಯಿದೆ, ರಸ್ತೆಯಿದೆ, ರಸ್ತೆಯಲ್ಲಿ ಜನರಿದ್ದಾರೆ, ಸುಂಕದ ಕಟ್ಟೆಯಿದೆ. ಇವುಗಳಲ್ಲಿ ಯಾವುದೊಂದನ್ನು ತೋರಿಸಿಯೂ ಬರಲಾಗಲಿಲ್ಲ ಎನ್ನಬಹುದು. ನಿಜವಾದ ಕಾರಣವೂ ನೆಪವೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ.

ಆ ಚಳಿಗಾಲದಲ್ಲಿ ಚೀನಾ 13 ಲಕ್ಷ ಲೀಟರು ಪೆಟ್ರೋಲನ್ನು ಉಚಿತವಾಗಿ ಕೊಟ್ಟಿತು. ಭೂಕಂಪದಿಂದ ಕುಸಿದಿದ್ದ ಹಿಮಾಲಯದ ರಸ್ತೆಯಲ್ಲಿ ಅದನ್ನು ತರುವುದೇ ಒಂದು ಸಾಹಸವಾಗಿತ್ತು. ಭಾರತದಿಂದ ಬರುವುದಕ್ಕೆ ಅದು ಬದಲಿಯಾಗಲಾರದೆಂದು ಎಲ್ಲರಿಗೂ ಗೊತ್ತಾಯಿತು. ಆದರೆ ಅದಕ್ಕಿಂತ ಮೊದಲು ಯಾರೂ ಆ ಕಡೆ ಮುಖ ಮಾಡಿರಲಿಲ್ಲ ಎಂಬುದನ್ನು ದೆಹಲಿಯೂ ಗಮನಿಸಿತು.

ಇಷ್ಟೆಲ್ಲ ಆದ ಮೇಲೂ ನೇಪಾಳ ಕೊಳವೆಯ ಯೋಜನೆಯನ್ನು ಕೈಬಿಡಲಿಲ್ಲ. ದಿಗ್ಬಂಧನದ ಕಾಲದಲ್ಲಿ ಪ್ರಧಾನಿಯಾಗಿದ್ದು, ಭಾರತವನ್ನು ಕಟುವಾಗಿ ಟೀಕಿಸಿದ್ದ ಕೆ. ಪಿ. ಶರ್ಮಾ ಓಲಿಯವರೇ 2018ರ ಏಪ್ರಿಲಿನಲ್ಲಿ ದೆಹಲಿಗೆ ಬಂದು ನರೇಂದ್ರ ಮೋದಿಯವರ ಜೊತೆಗೂಡಿ ಕಾಮಗಾರಿಗೆ ಚಾಲನೆ ಕೊಟ್ಟರು. 30 ತಿಂಗಳ ಗಡುವಿನ ಕೆಲಸ ಅದರ ಅರ್ಧ ಕಾಲದಲ್ಲಿ ಮುಗಿಯಿತು. 2019ರ ಸೆಪ್ಟೆಂಬರ್ 10ರಂದು ಇಬ್ಬರೂ ತಮ್ಮ ತಮ್ಮ ರಾಜಧಾನಿಯಿಂದಲೇ ಪರದೆಯ ಮೂಲಕ ಅದನ್ನು ಉದ್ಘಾಟಿಸಿದರು. ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮಲೇಖಗಂಜಿಗೆ 69 ಕಿಲೋಮೀಟರು. ಅರ್ಧಕ್ಕಿಂತ ತುಸು ಹೆಚ್ಚು ಭಾಗ ಇರುವುದು ನೇಪಾಳದ ನೆಲದಲ್ಲಿ. ಸುಮಾರು 324 ಕೋಟಿ ರೂಪಾಯಿಗಳ ವೆಚ್ಚವನ್ನು ಇಂಡಿಯನ್ ಆಯಿಲ್ ಭರಿಸಿತು. ವರ್ಷಕ್ಕೆ 20 ಲಕ್ಷ ಟನ್ ಸಾಗಿಸಬಲ್ಲ ಈ ಮಾರ್ಗ ದಕ್ಷಿಣ ಏಷ್ಯಾದಲ್ಲಿ ದೇಶದ ಗಡಿ ದಾಟಿದ ಮೊದಲ ಪೆಟ್ರೋಲಿಯಂ ಕೊಳವೆ. ಸಾಗಾಣಿಕೆಯ ಖರ್ಚು ತಗ್ಗಿತೆಂದು ನೇಪಾಳದಲ್ಲಿ ಅಂದೇ ಲೀಟರಿಗೆ 2 ರೂಪಾಯಿ ಇಳಿಸಿದರು.

ಓಲಿಯವರು ಮಾಡಿದ್ದು ಸರಿಯೇ? ಅಷ್ಟು ಕಷ್ಟಪಟ್ಟ ದೇಶ ಮತ್ತೆ ಅದೇ ನೆರೆಯವನಿಗೆ ತನ್ನನ್ನು ಉಕ್ಕಿನಿಂದ ಬಿಗಿದುಕೊಳ್ಳಬೇಕಿತ್ತೆ? ಹೀಗೆ ಕೇಳುವವರಿದ್ದಾರೆ. ನನ್ನ ಉತ್ತರ ಬೇರೆ. ಅದನ್ನು ಹೇಳಲು ಕೊಳವೆಯ ಒಳಗನ್ನು ಸ್ವಲ್ಪ ನೋಡಬೇಕು.

ಕೊಳವೆ ಕೆಲಸ ಮಾಡಬೇಕಾದರೆ ಅದು ಸದಾ ತುಂಬಿರಬೇಕು. ಈ ಕಡೆಯಿಂದ ಒಂದು ಲೀಟರು ನೂಕಿದರೆ ಆ ಕಡೆಯಲ್ಲಿ ಒಂದು ಲೀಟರು ಹೊರಬೀಳುತ್ತದೆ, ಆದರೆ ಅದು ನೀವು ಈಗ ನೂಕಿದ ಲೀಟರಲ್ಲ. ಒಂಬತ್ತನೆಯ ತರಗತಿಯ ಮಕ್ಕಳಿಂದ ಸಿಲಿಂಡರಿನ ಘನಫಲದ ಲೆಕ್ಕವನ್ನು ನಾನು ಇದರ ಮೇಲೆಯೇ ಮಾಡಿಸಿದ್ದೇನೆ. ಒಳವ್ಯಾಸ 10 ಇಂಚು, ಉದ್ದ 69 ಕಿಲೋಮೀಟರು ಎಂದು ಹಿಡಿದರೆ ಕೊಳವೆಯ ಹೊಟ್ಟೆಯಲ್ಲಿ ಯಾವಾಗಲೂ ಸುಮಾರು 35 ಲಕ್ಷ ಲೀಟರು ಇರುತ್ತದೆ. 20 ಸಾವಿರ ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಇದು 175 ಲಾರಿಗಳು. ಚೀನಾ ಆ ಚಳಿಗಾಲದಲ್ಲಿ ಉಚಿತವಾಗಿ ಕೊಟ್ಟದ್ದರ ಎರಡೂವರೆ ಪಾಲಿಗಿಂತ ಹೆಚ್ಚು. ಉಕ್ಕು ತುಕ್ಕು ಹಿಡಿಯದಂತೆ ಹೊರಗೆ ಲೇಪವಿರುತ್ತದೆ. ಅದೂ ಸಾಲದೆಂದು ಸಣ್ಣ ಪ್ರಮಾಣದ ವಿದ್ಯುತ್ತನ್ನು ಹರಿಯಿಸಿ ಕಾಪಾಡುತ್ತಾರೆ. ಎರಡೂ ತುದಿಗಳಲ್ಲಿ ಮೀಟರುಗಳಿವೆ. ಎಷ್ಟು ಹೋಯಿತು, ಎಷ್ಟು ಬಂತು, ಯಾವ ಗಳಿಗೆಯಲ್ಲಿ ಒತ್ತಡ ಇಳಿಯಿತು ಎಂಬುದು ಎರಡೂ ಕಡೆಯ ನಿಯಂತ್ರಣ ಕೊಠಡಿಗಳಲ್ಲಿ ದಾಖಲಾಗುತ್ತದೆ.

ಈ ಕೊಳವೆಯ ದಾರಿಯಲ್ಲಿ ಅಂಜಬೇಕಾದ ಚಾಲಕನಿಲ್ಲ. ಸೇತುವೆಯ ಮೇಲೆ ಯಾರು ಧರಣಿ ಕೂತರೂ ಡೀಸೆಲ್ ಅವರ ಕಾಲಡಿಯಲ್ಲಿ ಹರಿಯುತ್ತಲೇ ಇರುತ್ತದೆ. ಅದು ನಿಲ್ಲಬೇಕಾದರೆ ಮೋತಿಹಾರಿಯಲ್ಲಿ ಯಾರೋ ಒಬ್ಬರು ಆಜ್ಞೆ ಕೊಟ್ಟು ಪಂಪನ್ನು ನಿಲ್ಲಿಸಬೇಕು, ಮತ್ತು ಆ ಗಳಿಗೆ ಅಮಲೇಖಗಂಜಿನ ಪರದೆಯ ಮೇಲೂ ಮೂಡುತ್ತದೆ. ಕೊಳವೆ ನೇಪಾಳದ ಅವಲಂಬನೆಯನ್ನು ಕಡಿಮೆ ಮಾಡಲಿಲ್ಲ, ಅದನ್ನು ಒಪ್ಪೋಣ. ಆದರೆ ನಿಲ್ಲಿಸಿದವರು ಯಾರು ಎಂಬ ಪ್ರಶ್ನೆಗಿದ್ದ ಹತ್ತು ಉತ್ತರಗಳನ್ನು ಅದು ಒಂದಕ್ಕೆ ಇಳಿಸಿತು. ಬಡ ನೆರೆಯವನಿಗೆ ಇದೇನು ಸಣ್ಣ ಲಾಭವಲ್ಲ. ಬಲವಂತನಿಗೂ ಇದರಿಂದ ಒಂದು ಕಟ್ಟುಪಾಡು ಬರುತ್ತದೆ: ತನ್ನ 324 ಕೋಟಿ ರೂಪಾಯಿಯ ಒಂದು ದೊಡ್ಡ ಪಾಲು ನೆರೆಯವನ ನೆಲದಲ್ಲಿ ಹೂತಿದೆ, ಅದನ್ನು ಅಗೆದು ಇನ್ನೊಂದು ಕಡೆಗೆ ಒಯ್ಯುವಂತಿಲ್ಲ. ಮಾರುವವನು ಸರ್ಕಾರಿ ಸಂಸ್ಥೆಯಾದರೆ ಇನ್ನೂ ಒಂದು ವಿಶೇಷವಿದೆ. ಅದರ ಒಡೆಯರು ನಾವು, ಈ ದೇಶದ ಪ್ರಜೆಗಳು. ಅದರ ಲೆಕ್ಕವನ್ನು ಮಹಾಲೇಖಪಾಲರು ಪರಿಶೀಲಿಸುತ್ತಾರೆ, ಸಂಸತ್ತಿನಲ್ಲಿ ಅದರ ಮಂತ್ರಿ ಉತ್ತರ ಹೇಳಬೇಕು. ಪಂಪನ್ನು ನಿಲ್ಲಿಸಿದರೆ ಏಕೆ ನಿಲ್ಲಿಸಿದಿರಿ ಎಂದು ಕೇಳುವ ಹಕ್ಕು ಕಾಠ್ಮಂಡುವಿನವರಿಗಿಂತ ಮೊದಲು ನಮಗಿದೆ. ನಾವು ಕೇಳುತ್ತೇವೆಯೇ ಎಂಬುದು ಬೇರೆ ಮಾತು.

ಇನ್ನು ಬೆಲೆಯ ವಿಚಾರ. ಪ್ರತಿ ತಿಂಗಳ 1 ಮತ್ತು 16ನೆಯ ತಾರೀಕಿಗೆ ಇಂಡಿಯನ್ ಆಯಿಲ್ ಹೊಸ ಬೆಲೆಪಟ್ಟಿಯನ್ನು ಕಾಠ್ಮಂಡುವಿಗೆ ಕಳುಹಿಸುತ್ತದೆ. ಅದು ಬಂದೊಡನೆ ಅಲ್ಲಿನ ಪತ್ರಿಕೆಗಳಲ್ಲಿ ಅದೇ ದೊಡ್ಡ ಸುದ್ದಿ. ಇನ್ನೊಬ್ಬ ದೇಶದ ಕಂಪೆನಿಯ ಪತ್ರಕ್ಕಾಗಿ ತಿಂಗಳಿಗೆರಡು ಸಲ ಕಾಯುವುದು ಹಿತವಾದ ಅನುಭವವಲ್ಲವೆಂದು ನನಗನಿಸುತ್ತದೆ.

ಬಾಂಗ್ಲಾದೇಶದ ಮೈತ್ರಿ ಕೊಳವೆಯ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಸ್ಸಾಮಿನ ನುಮಾಲಿಗಢ ಸಂಸ್ಕರಣಾಗಾರ 1985ರ ಅಸ್ಸಾಂ ಒಪ್ಪಂದದ ಫಲ. ಅಲ್ಲಿನ ಜನರ ಚಳವಳಿಗೆ ಕೇಂದ್ರ ಸರ್ಕಾರ ಕೊಟ್ಟ ಭರವಸೆಗಳಲ್ಲಿ ಅದೂ ಒಂದು. ಅದರ ಡೀಸೆಲನ್ನು ಸಿಲಿಗುರಿಯಿಂದ ಬಾಂಗ್ಲಾದೇಶದ ಪಾರ್ಬತೀಪುರಕ್ಕೆ 2016ರಿಂದ ರೈಲಿನಲ್ಲಿ ಕಳುಹಿಸುತ್ತಿದ್ದರು. 2023ರ ಮಾರ್ಚ್ 18ರಂದು ಕೊಳವೆ ಉದ್ಘಾಟನೆಯಾಯಿತು. ಒಟ್ಟು 131.5 ಕಿಲೋಮೀಟರಿನಲ್ಲಿ ಭಾರತದೊಳಗಿರುವುದು 5 ಕಿಲೋಮೀಟರು ಮಾತ್ರ. 377 ಕೋಟಿ ರೂಪಾಯಿ ವೆಚ್ಚದಲ್ಲಿ ಬಾಂಗ್ಲಾದೇಶದ ಭಾಗಕ್ಕೆ ತಗಲಿದ 285 ಕೋಟಿಯನ್ನು ಭಾರತ ಸರ್ಕಾರ ಅನುದಾನವಾಗಿ ಕೊಟ್ಟಿತು. ಉದ್ಘಾಟಿಸಿದ ಶೇಖ್ ಹಸೀನಾ 2024ರ ಆಗಸ್ಟ್ 5ರಂದು ಅಧಿಕಾರ ಕಳೆದುಕೊಂಡು ಭಾರತಕ್ಕೆ ಬಂದರು, ಎರಡು ದೇಶಗಳ ನಡುವೆ ಮಾತುಕತೆ ಬಿಗುವಾಯಿತು. ಮುಂದಿನ ವರ್ಷಕ್ಕೂ ನುಮಾಲಿಗಢದಿಂದ ಡೀಸೆಲ್ ಕೊಳ್ಳಲು ಹೊಸ ಸರ್ಕಾರ ಒಪ್ಪಿಗೆ ಕೊಟ್ಟಿತು. ಕೊಳವೆ ಒಮ್ಮೆ ನೆಲದಲ್ಲಿ ಕೂತ ಮೇಲೆ ಮುನಿಸಿಕೊಂಡವರೂ ಅದನ್ನು ಬಳಸುತ್ತಾರೆ.

ಇದುವರೆಗೆ ಹೇಳಿದ್ದು ಎರಡೇ ತೋಟಗಳಿರುವ ದಂಬೆಯ ಮಾತು. ನಡುವೆ ಮೂರನೆಯವನಿದ್ದರೆ ಏನಾಗುತ್ತದೆಂಬುದನ್ನು ಯೂರೋಪು ನೋಡಿದೆ. ರಷ್ಯದ ಅನಿಲ ಉಕ್ರೇನನ್ನು ಹಾದು ಪಶ್ಚಿಮಕ್ಕೆ ಹೋಗುತ್ತಿತ್ತು. ಕಳುಹಿಸುವ ಗಾಜ್‌ಪ್ರೋಮ್ ಮತ್ತು ದಾರಿ ಕೊಡುವ ನಾಫ್ಟೋಗಾಜ್, ಎರಡೂ ಸರ್ಕಾರಿ ಹಿಡಿತದ ಸಂಸ್ಥೆಗಳು. ಬೆಲೆ ಮತ್ತು ಬಾಕಿಯ ಜಗಳ ಹತ್ತಿ 2009ರ ಜನವರಿ 1ರಂದು ರಷ್ಯ ಉಕ್ರೇನಿಗೆ ಅನಿಲವನ್ನು ನಿಲ್ಲಿಸಿತು. 7ನೆಯ ತಾರೀಕಿನ ಹೊತ್ತಿಗೆ ಆ ದಾರಿಯಲ್ಲಿ ಯೂರೋಪಿಗೂ ಅನಿಲ ಪೂರ್ಣವಾಗಿ ನಿಂತಿತು. ಉಕ್ರೇನ್ ಕದಿಯುತ್ತಿದೆ ಎಂದು ರಷ್ಯ, ರಷ್ಯವೇ ಕಳುಹಿಸುತ್ತಿಲ್ಲ ಎಂದು ಉಕ್ರೇನ್. ಹಿಮ ಸುರಿಯುವ ತಿಂಗಳಲ್ಲಿ ಬಲ್ಗೇರಿಯ, ಸ್ಲೊವಾಕಿಯಗಳಂಥ ದೇಶಗಳು ನಡುಗಿದವು. ಕೊನೆಗೆ ಮೀಟರು ನೋಡಲು ಯೂರೋಪಿಯನ್ ಒಕ್ಕೂಟ ತನ್ನ ವೀಕ್ಷಕರನ್ನು ಕಳುಹಿಸಬೇಕಾಯಿತು. 20ರಂದು ಅನಿಲ ಮತ್ತೆ ಹರಿಯಿತು. ಇಬ್ಬರ ನಡುವೆ ಸ್ಪಷ್ಟವಾಗಿದ್ದ ಹೊಣೆ ಮೂವರ ನಡುವೆ ಬಂದಾಗ ಮತ್ತೆ ಮಸುಕಾಗುತ್ತದೆ.

ನಡುವಿನವನೇ ಬೇಡವೆಂದು ರಷ್ಯವೂ ಜರ್ಮನಿಯೂ ಬಾಲ್ಟಿಕ್ ಸಮುದ್ರದ ತಳದಲ್ಲಿ ನೇರವಾದ ಮಾರ್ಗವನ್ನೇ ಹಾಕಿದವು. 1,224 ಕಿಲೋಮೀಟರಿನ ನಾರ್ಡ್ ಸ್ಟ್ರೀಮ್ 2011ರ ನವೆಂಬರಿನಲ್ಲಿ ಆರಂಭವಾಯಿತು. ಅದರಲ್ಲಿ ಗಾಜ್‌ಪ್ರೋಮಿನ ಪಾಲು ಶೇಕಡಾ 51. ನನ್ನ ವಾದದ ಪ್ರಕಾರ ಇಲ್ಲಿ ಹೊಣೆ ನಿಚ್ಚಳವಾಗಿರಬೇಕಿತ್ತು. ಆದರೆ ನೆಪ ಹುಡುಕುವವನಿಗೆ ಕೊಳವೆಯಲ್ಲಿಯೂ ಎಡೆ ಸಿಗುತ್ತದೆ. ಉಕ್ರೇನಿನ ಮೇಲೆ ಯುದ್ಧ ಆರಂಭವಾದ ಬಳಿಕ, 2022ರ ಜೂನಿನಲ್ಲಿ, ಕೆನಡಾಕ್ಕೆ ರಿಪೇರಿಗೆಂದು ಹೋದ ಟರ್ಬೈನ್ ಮರಳಿ ಬಂದಿಲ್ಲವೆಂದು ಗಾಜ್‌ಪ್ರೋಮ್ ಹರಿವನ್ನು ಶೇಕಡಾ 40ಕ್ಕೆ ಇಳಿಸಿತು. ಆಗಸ್ಟ್ ಕೊನೆಗೆ ಪೂರ್ತಿ ನಿಲ್ಲಿಸಿತು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. 2009ರಲ್ಲಿ ಯಾರನ್ನು ದೂರಬೇಕೆಂಬುದೇ ಜಗಳವಾಗಿತ್ತು. ಟರ್ಬೈನಿನ ಮಾತನ್ನು ಜರ್ಮನ್ ಸರ್ಕಾರ ಒಂದು ದಿನವೂ ನಂಬಲಿಲ್ಲ. ಇದು ರಾಜಕೀಯ ನಿರ್ಧಾರವೆಂದು ಅದರ ಮಂತ್ರಿಗಳೇ ಬಹಿರಂಗವಾಗಿ ಹೇಳಿದರು. ಸೆಪ್ಟೆಂಬರ್ 26ರ ಸ್ಫೋಟಗಳಲ್ಲಿ ನಾರ್ಡ್ ಸ್ಟ್ರೀಮಿನ ನಾಲ್ಕು ಸಾಲುಗಳಲ್ಲಿ ಮೂರು ಒಡೆದುಹೋದವು.

ಈಗ ನಾಲ್ಕು ತೋಟಗಳ ಕಥೆ, ನಮ್ಮದೇ ಕಥೆ. ತುರ್ಕಮೆನಿಸ್ತಾನದಿಂದ ಅಫಘಾನಿಸ್ತಾನ, ಪಾಕಿಸ್ತಾನಗಳ ಮೂಲಕ ಪಂಜಾಬಿನ ಫಾಜಿಲ್ಕಾಕ್ಕೆ ಬರಬೇಕಾದ 1,800 ಕಿಲೋಮೀಟರಿಗೂ ಮಿಕ್ಕಿದ ಅನಿಲ ಮಾರ್ಗಕ್ಕೆ ಟಾಪಿ ಎಂದು ಹೆಸರು. ತುರ್ಕಮೆನ್‌ಗಾಜ್ ಅದರ ಮುಖ್ಯ ಪಾಲುದಾರ, ನಮ್ಮ ಗೇಲಿಗೂ ಸಣ್ಣ ಪಾಲಿದೆ. 2015ರ ಡಿಸೆಂಬರಿನಲ್ಲಿ ನಾಲ್ಕೂ ದೇಶಗಳ ನಾಯಕರು ತುರ್ಕಮೆನಿಸ್ತಾನದಲ್ಲಿ ಸೇರಿ ಕೆಲಸಕ್ಕೆ ಚಾಲನೆ ಕೊಟ್ಟರು. ಅಫಘಾನಿಸ್ತಾನದ ಕಡೆ ಕೆಲಸ ಆರಂಭವಾದದ್ದು 2024ರ ಸೆಪ್ಟೆಂಬರಿನಲ್ಲಿ. ಇರಾನಿನಿಂದ ಪಾಕಿಸ್ತಾನದ ಮೂಲಕ ಬರಬೇಕಿದ್ದ ಇನ್ನೊಂದು ಕೊಳವೆಯ ಮಾತು 1989ರಷ್ಟು ಹಿಂದಿನದು. ಬೆಲೆ, ಭದ್ರತೆ, ಅಮೆರಿಕದ ಮುನಿಸು ಎಲ್ಲವೂ ಸೇರಿ ಭಾರತ ಅದರಿಂದ ದೂರ ಸರಿಯಿತು. ಇರಾನ್ ತನ್ನ ನೆಲದಲ್ಲಿ ಕೊಳವೆಯನ್ನು ಬಹುಮಟ್ಟಿಗೆ ಹಾಕಿ ಮುಗಿಸಿದೆ. ಪಾಕಿಸ್ತಾನದ ಭಾಗ ಅಪೂರ್ಣ.

ಹೀಗೆ ನೆಲದ ದಾರಿಗಳು ಕೂಡಿಬರದ ಕಾರಣ ಹೊರದೇಶದ ಅನಿಲ ನಮಗೆ ಹಡಗಿನಲ್ಲಿ ಬರುತ್ತದೆ. ಅದನ್ನು ಸೊನ್ನೆಗಿಂತ 162 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಣಿಸಿದರೆ ದ್ರವವಾಗಿ ಗಾತ್ರದಲ್ಲಿ ಸುಮಾರು ಆರುನೂರರಲ್ಲಿ ಒಂದಂಶಕ್ಕೆ ಕುಗ್ಗುತ್ತದೆ. ಕೊಚ್ಚಿಯ ಪುದುವೈಪಿನ ನೆಲೆಯಲ್ಲಿ ಹಡಗಿನಿಂದ ಇಳಿಸಿ, ಮತ್ತೆ ಅನಿಲವಾಗಿಸಿ, ಕೊಳವೆಗೆ ಬಿಡುತ್ತಾರೆ. ನಮ್ಮ ಚಂದ್ರಗಿರಿಯ ಅಡಿಯಲ್ಲಿ ಹಾದು ಅದು ಮಂಗಳೂರಿಗೆ ಹೋಗುತ್ತದೆ, ಅಲ್ಲಿನ ರಸಗೊಬ್ಬರ ಕಾರ್ಖಾನೆಯಲ್ಲಿ ಯೂರಿಯಾ ಆಗುತ್ತದೆ. ಆ ಯೂರಿಯಾದ ಚೀಲವನ್ನು ಗದ್ದೆಗೆ ಹೊತ್ತವರಿಗೆ ಅದರಲ್ಲಿ ಕಾಬೂಲಿನ, ತೆಹರಾನಿನ, ಇಸ್ಲಾಮಾಬಾದಿನ ಜಗಳಗಳ ಲೆಕ್ಕವೂ ಸೇರಿದೆಯೆಂದು ತೋರಲಾರದು. ಹಡಗಿಗೆ ತನ್ನದೇ ಅನುಕೂಲವಿದೆ: ಒಬ್ಬ ಕೊಡದಿದ್ದರೆ ಇನ್ನೊಬ್ಬನಲ್ಲಿಗೆ ಹೋಗಬಹುದು. ಬೆಲೆ ಏರಿದಾಗ ಹೆಚ್ಚು ಕೊಡುವವನ ಕಡೆಗೆ ತಿರುಗುವ ಅನುಕೂಲವೂ ಅದಕ್ಕಿದೆ. 2022ರಲ್ಲಿ ರಷ್ಯದ ಅನಿಲ ತಪ್ಪಿದ ಯೂರೋಪು ದುಬಾರಿ ಬೆಲೆ ಕೊಟ್ಟು ಹಡಗುಗಳನ್ನು ತನ್ನ ಕಡೆಗೆ ಸೆಳೆದುಕೊಂಡಾಗ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳು ಕೊರತೆ ಅನುಭವಿಸಿದವು.

ಹಿರಿಯ ವಿದ್ಯಾರ್ಥಿಗಳಲ್ಲಿ ಕೆಲವರು ತೈಲ ಕಂಪೆನಿಗಳಲ್ಲಿಯೂ ಕೊಲ್ಲಿಯ ದೇಶಗಳಲ್ಲಿಯೂ ದುಡಿದವರಿದ್ದೀರಿ. ಯಂತ್ರಗಳ ವಿಚಾರ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಮಕ್ಕಳಿಗೆ ಹೇಳಬಯಸುವುದು ಯಂತ್ರದ್ದಲ್ಲ. ಕೊಳವೆಯ ಒಪ್ಪಂದದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ಉದ್ದವೆಷ್ಟು, ಕೋಟಿ ಎಷ್ಟು ಎಂಬುದರಲ್ಲಿಯೇ ನಿಲ್ಲಬೇಡಿ. ಮೀಟರು ಯಾರ ನೆಲದಲ್ಲಿದೆ, ಅದನ್ನು ಯಾರೆಲ್ಲ ನೋಡಬಹುದು, ನಡುವೆ ಎಷ್ಟು ಜನರಿದ್ದಾರೆ, ಕೊಳ್ಳುವವನ ಊರಿನಲ್ಲಿ ಎಷ್ಟು ದಿನಕ್ಕೆ ಸಾಲುವ ದಾಸ್ತಾನಿನ ಟಾಂಕಿಗಳಿವೆ ಎಂದು ಹುಡುಕಿ. ನೇಪಾಳದವರು ಈಗ ಹುಡುಕುತ್ತಿರುವುದೂ ಅದನ್ನೇ. ಕೊಳವೆಯನ್ನು ಅಮಲೇಖಗಂಜಿನಿಂದ ಚಿತ್ವನದ ಲೋಥರಿಗೆ ಮುಂದುವರಿಸಲು, ಸಿಲಿಗುರಿಯಿಂದ ಪೂರ್ವ ನೇಪಾಳದ ಝಾಪಾಕ್ಕೆ ಎರಡನೆಯ ಕೊಳವೆ ಹಾಕಲು, ಅಲ್ಲಿ ದಾಸ್ತಾನು ಕೇಂದ್ರ ಕಟ್ಟಲು 2023ರಲ್ಲಿ ಎರಡೂ ಸರ್ಕಾರಗಳು ಒಪ್ಪಿವೆ.

ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿದೆ. ದಿಗ್ಬಂಧನದ ಕಹಿಯನ್ನು ಉಂಡ ನೇಪಾಳ ತನ್ನ ನದಿಗಳ ವಿದ್ಯುತ್ತಿನ ಕಡೆ ತಿರುಗಿದೆ. ಈಚಿನ ವರ್ಷಗಳಲ್ಲಿ ಅಲ್ಲಿಗೆ ಆಮದಾಗುವ ಪ್ರಯಾಣಿಕ ಕಾರುಗಳಲ್ಲಿ ಹೆಚ್ಚಿನವು ವಿದ್ಯುತ್ ಕಾರುಗಳು. ಮಳೆಗಾಲದಲ್ಲಿ ಮಿಕ್ಕ ವಿದ್ಯುತ್ತನ್ನು 2021ರಿಂದ ಭಾರತದ ಮಾರುಕಟ್ಟೆಗೆ ಮಾರುತ್ತಿದೆ. 2024ರ ಅಕ್ಟೋಬರಿನಲ್ಲಿ ಮೂರು ಸರ್ಕಾರಿ ಸಂಸ್ಥೆಗಳು, ಎಂದರೆ ನೇಪಾಳ ವಿದ್ಯುತ್ ಪ್ರಾಧಿಕಾರ, ನಮ್ಮ ಎನ್‌ಟಿಪಿಸಿಯ ವಿದ್ಯುತ್ ವ್ಯಾಪಾರ ನಿಗಮ ಮತ್ತು ಬಾಂಗ್ಲಾದೇಶದ ವಿದ್ಯುತ್ ಅಭಿವೃದ್ಧಿ ಮಂಡಳಿ, ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರಂತೆ ನೇಪಾಳದ 40 ಮೆಗಾವಾಟ್ ವಿದ್ಯುತ್ತು ಪ್ರತಿ ವರ್ಷ ಜೂನ್ 15ರಿಂದ ನವೆಂಬರ್ 15ರ ತನಕ ಬಿಹಾರದ ಮುಜಫ್ಫರಪುರ ಮತ್ತು ಬಂಗಾಳದ ಬಹರಾಂಪುರದ ತಂತಿಗಳ ಮೂಲಕ ಬಾಂಗ್ಲಾದೇಶದ ಭೇರಾಮಾರಾಕ್ಕೆ ಹೋಗುತ್ತದೆ. ಈ ದಂಬೆಯಲ್ಲಿ ಮೇಲಿನ ತೋಟ ನೇಪಾಳದ್ದು, ಕೆಳಗಿನದು ಬಾಂಗ್ಲಾದೇಶದ್ದು. ನಡುವಿನ ತೋಟ ನಮ್ಮದು.